ಒಂದ್ ಸೈಜ್ ದೊಡ್ದು ಹಾಕ್ಸ್ರಿ ಅಂದಾಗ

ನಮ್ಮ ವಿಜಯಪುರದಾಗ ಟೈರ್ ಅಂಗಡಿಗೆ ಹೋದ್ರ ಮೊದಲನೇ ಪ್ರಶ್ನಿ ಯಾವಾಗ್ಲೂ ಕಂಪನಿದು ಇರ್ತದ, ಎಂಆರ್‌ಎಫ್ ಬೇಕೋ ಅಪೋಲೋ ಬೇಕೋ ಜೆಕೆ ಬೇಕೋ ಅಂತ. ಎರಡನೇದು ರೇಟಿಂದು. ಮೂರನೇದು ಪ್ರಶ್ನಿ ಅಲ್ಲ, ಸಲಹಾ: "ಒಂದ್ ಸೈಜ್ ದೊಡ್ದು ಹಾಕ್ಸಿಬಿಡ್ರಿ ಸರ, ನಮ್ಮ ರೋಡ್ ಹಿಂಗ ಅವ, ಗಾಡಿನೂ ಎತ್ತರ ಆಗ್ತದ, ಗ್ರಿಪ್ಪೂ ಚಲೋ ಸಿಗ್ತದ." ಈ ಮಾತನ್ನ ಸೋಲಾಪುರ ರೋಡಿನ ಅಂಗಡಿಗಳೊಳಗೂ ಕೇಳೀನಿ, ಅಥಣಿ ರೋಡಿನ ಕಡೆನೂ ಕೇಳೀನಿ, ಹಳ್ಳಿಯ ಪಂಕ್ಚರ್ ಅಂಗಡಿ ಕಟ್ಟಿ ಮ್ಯಾಲ ಚಾ ಕುಡಿಯೋ ಮಂದಿ ಬಾಯಾಗೂ ಕೇಳೀನಿ. ಹೇಳೋರು ಯಾರೂ ಕೆಟ್ಟ ಮನಸ್ಸಿಂದ ಹೇಳಂಗಿಲ್ಲ, ಆದ್ರ ದೊಡ್ದು ಅಂದ್ರ ಯಾವ ಕಡೆ ದೊಡ್ದು, ಅಗಲಾನೋ ಎತ್ತರಾನೋ, ಅದು ಈ ಡಿಸ್ಕಿಗೆ, ಅಂದ್ರ ಟೈರ್ ಕೂಡೋ ಲೋಹದ ಚಕ್ರಕ್ಕ, ಕೂಡ್ತದೋ ಇಲ್ಲೋ, ಕೂತ್ರೂ ಸ್ಟೇರಿಂಗ್ ಪೂರಾ ತಿರುಗಿಸಿದಾಗ ಎಲ್ಲರ ತಾಗ್ತದೇನು, ಇದನ್ನ ಅಲ್ಲಿ ಯಾರೂ ಎಣಿಸಿ ನೋಡಿರಂಗಿಲ್ಲ. ಸೈಜ್ ಅನ್ನೋದು ಕಂಪನಿಗಿಂತ, ರೇಟಿಗಿಂತ ಮೊದಲು ಗಟ್ಟಿ ಆಗ್ಬೇಕಾದ ವಿಷಯ ಅಂತ ನನ್ನ ಖಚಿತ ಅಭಿಪ್ರಾಯ, ಮತ್ತ ಅದನ್ನ ಎಣಿಸೋದು ಎಸ್ಸೆಸ್ಸೆಲ್ಸಿ ಪಾಸಾದ ಯಾರಿಗೂ ಕಷ್ಟ ಇಲ್ಲ, ಅದಕ್ಕೇ ಇಷ್ಟು ಉದ್ದ ಬರೀಲಿಕ್ಕೆ ಕೂತೀನಿ.

ನಮ್ಮ ಕಡೆ ಒಂದು ವಿಚಿತ್ರ ನೋಡ್ರಿ. ಟ್ರ್ಯಾಕ್ಟರ್ ಇದ್ದ ರೈತನ್ನ ನಿದ್ದಿಗಣ್ಣಾಗ ಎಬ್ಬಿಸಿ ಕೇಳಿದ್ರೂ ಹಿಂದಿನ ಟೈರ್ 13.6-28, ಮುಂದಿಂದು 6.00-16 ಅಂತ ಹೇಳ್ತಾನ. ಅಂಬಾಸಡರ್ ಓಡಿಸಿದ ಹಳೇ ಡ್ರೈವರಿಗೆ ಇವತ್ತಿಗೂ 5.90-15 ಬಾಯಾಗ ಅದ. ಅದೇ ಮನಿಯೊಳಗ ನಿಂತಿರೋ ಕಾರಿಂದು ಸೈಜ್ ಎಷ್ಟು ಅಂದ್ರ "ನೋಡ್ಬೇಕ್ರಿ" ಅಂತಾರ. ಟ್ರ್ಯಾಕ್ಟರ್ ಟೈರನ್ನ ದುಡಿಮಿ ಸಾಮಾನು ಅಂತ ನೋಡ್ತೀವಿ, ಕಾರಿನ ಟೈರನ್ನ ಚಂದದ ಸಾಮಾನು ಅಂತ ನೋಡ್ತೀವಿ, ಅಲ್ಲಿಂದಾನೇ ವ್ಯತ್ಯಾಸ ಶುರು ಆಗ್ತದ ಅಂತ ನನಗನ್ನಿಸ್ತದ. ವಾರಕ್ಕೊಮ್ಮೆ ಹೆಂಡ್ತಿ ಮಕ್ಕಳನ್ನ, ವಯಸ್ಸಾದ ತಾಯಿನ್ನ ಕೂಡ್ಸ್ಕೊಂಡು ಕೊಲ್ಹಾರ ಸೇತುವಿ ದಾಟಿ ಬಾಗಲಕೋಟಿಗೋ ಹುಬ್ಬಳ್ಳಿಗೋ ಹೋಗೋ ಗಾಡಿ ಅದು, ಅದರ ಟೈರೂ ದುಡಿಮಿ ಸಾಮಾನೇ.

ಟೈರಿನ ಮಗ್ಗಲಿಗೆ ಬರೆದದ್ದನ್ನ ಓದೋದು ಹೆಂಗ ಅಂತ ಮೊದಲು ಹೇಳ್ತೀನಿ. ನಮ್ಮ ಕಾಕಾನ ಮಾರುತಿ ಡಿಜೈರ್ ಕಾರಿನ ಟೈರ್ ಮ್ಯಾಲ 165/80 R14 85S ಅಂತ ಇತ್ತು, ಕಬ್ಬಿಣದ ಡಿಸ್ಕ್. 165 ಅಂದ್ರ ಟೈರಿನ ಅಗಲ, ಮಿಲಿಮೀಟರ್‌ನಾಗ. 80 ಅಂದ್ರ ಮಗ್ಗಲಿನ ಎತ್ತರ, ಆದ್ರ ಅದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ 80, ಅಂದ್ರ 165ರ 80 ಪರ್ಸೆಂಟ್, 132 ಮಿಲಿಮೀಟರ್. ಭಾಳ ಮಂದಿ ಗಲಿಬಿಲಿ ಆಗೋದು ಇಲ್ಲೇ, ಯಾಕಂದ್ರ ಅಗಲ ಬದಲಾದ್ರ ಶೇಕಡಾ ಅದೇ ಇದ್ರೂ ಎತ್ತರನೂ ಬದಲಾಗ್ತದ. R ಅಂದ್ರ ರೇಡಿಯಲ್, ಟೈರಿನ ಒಳಗಿನ ದಾರ ಒಂದು ಅಂಚಿಂದ ಇನ್ನೊಂದು ಅಂಚಿಗೆ ನೇರ ಹಾಸಿರೋ ಜಾತಿ. 14 ಅಂದ್ರ ಡಿಸ್ಕಿನ ಅಡ್ಡಳತಿ, ಇದು ಮಾತ್ರ ಇಂಚಿನೊಳಗ. ಡಿಸ್ಕ್ ಬದಲಿ ಮಾಡಂಗಿಲ್ಲ ಅಂದ್ರ ಈ ಕಡೀ ನಂಬರ್ ಮುಟ್ಟೋ ಹಂಗೇ ಇಲ್ಲ, 14ಕ್ಕ 14, 15ಕ್ಕ 15, ಚೌಕಾಶಿ ಇಲ್ಲ. 85 ಅಂದ್ರ ಭಾರದ ನಂಬರ್, S ಅಂದ್ರ ವೇಗದ ಅಕ್ಷರ, ಆ ಎರಡರ ಕಥಿ ಮುಂದ ಹೇಳ್ತೀನಿ.

ಈಗ ಪೂರ್ತಿ ಟೈರಿನ ಎತ್ತರ ತಗೀರಿ. 14 ಇಂಚು ಅಂದ್ರ 355.6 ಮಿಲಿಮೀಟರ್. ಮ್ಯಾಲ ಒಂದು ಮಗ್ಗಲು 132, ಕೆಳಗ ಒಂದು ಮಗ್ಗಲು 132. ಕೂಡಿಸಿದ್ರ 619.6. ಅದೇ ಡಿಜೈರಿನ ಟಾಪ್ ಮಾಡೆಲಿಗೆ ಕಂಪನಿಯವ್ರು ಅಲಾಯ್ ವ್ಹೀಲ್ ಜೋಡಿ 185/65 R15 ಕೊಡ್ತಾರ. ಅದನ್ನೂ ತಗೀರಿ: 15 ಇಂಚು ಅಂದ್ರ 381, 185ರ 65 ಪರ್ಸೆಂಟ್ ಅಂದ್ರ 120.25, ಅದರ ಎರಡು ಪಟ್ಟು 240.5, ಕೂಡಿಸಿದ್ರ 621.5. ಎರಡಕ್ಕೂ ಫರಕು ಎರಡು ಮಿಲಿಮೀಟರ್ ಸುದ್ದಾ ಇಲ್ಲ! ಒಂದು 14, ಒಂದು 15, ಒಂದು 165, ಒಂದು 185, ಒಂದು 80, ಒಂದು 65, ಮೂರೂ ನಂಬರ್ ಬ್ಯಾರೆ ಬ್ಯಾರೆ, ಆದ್ರ ರೋಡಿನ ಮ್ಯಾಲ ಒಂದು ಸುತ್ತು ಉರುಳಿದ್ರ ಎರಡೂ ಹೆಚ್ಚೂ ಕಡಿಮಿ ಅಷ್ಟೇ ದೂರ ಹೋಗ್ತಾವ. ನಾನು ಇದನ್ನ ಮೊದಲ ಸಲ ಎಣಿಸಿ ನೋಡಿದಾಗ ಖುಷಿ ಆತು, ಯಾರೋ ಎಂಜಿನಿಯರ್ ಕೂತು ಗೇರ್, ಸ್ಪೀಡೋಮೀಟರ್, ಮಡ್‌ಗಾರ್ಡಿನ ಜಾಗಾ ಎಲ್ಲಾ ಒಂದಕ್ಕೊಂದು ತೂಗಿಸಿ ಇಟ್ಟದ್ದು ಈ ಒಂದು ಲೆಕ್ಕದೊಳಗ ಕಾಣ್ತದ. ಟಾಪ್ ಮಾಡೆಲ್ ಡಿಕ್ಕಿ ತಗದು ನೋಡ್ರಿ, ಸ್ಟೆಪ್ನಿ 165/80 R14 ಕಬ್ಬಿಣದ ಡಿಸ್ಕಿಂದು ಇರ್ತದ. "ಕಂಪನಿಯವ್ರು ದುಡ್ಡು ಉಳಿಸ್ಯಾರ, ಸಣ್ಣ ಟೈರ್ ಕೊಟ್ಟಾರ" ಅಂತ ಮಂದಿ ಬೈತಾರ, ದುಡ್ಡು ಉಳಿಸಿದ್ದು ಖರೇ ಇರಬಹುದು, ಆದ್ರ ಎತ್ತರ ಹೊಂದ್ತದ ಅನ್ನೋ ಕಾರಣಕ್ಕೇ ಅದು ನಡೀತದ. ಅಗಲ ಮತ್ತ ಹಿಡಿತ ಬ್ಯಾರೆ ಇರೋದ್ರಿಂದ ಅದರ ಮ್ಯಾಲ ದಿನಾ ಓಡಾಡೋದಲ್ಲ, 80 ಕಿಲೋಮೀಟರ್ ವೇಗದ ಒಳಗ ನಿಧಾನ ಹೋಗಿ ಪಂಕ್ಚರ್ ತಗಸ್ಕೋಬೇಕು, ಅಷ್ಟೇ.

ಅಂದ್ರ ಮೊದಲನೇ ಲೆಕ್ಕ ಎತ್ತರದ್ದು. ಕಂಪನಿ ಟೈರಿನ ಎತ್ತರಕ್ಕ ಒಂದು ಪರ್ಸೆಂಟ್ ಆಚೆ ಈಚೆ ಆದ್ರ ಗಾಡಿಗೆ ಗೊತ್ತೇ ಆಗಂಗಿಲ್ಲ, ಹೊಸ ಟೈರಿಗೂ ಸವೆದ ಟೈರಿಗೂ ಅದಕ್ಕಿಂತ ಜಾಸ್ತಿ ಫರಕು ಇರ್ತದ. ಎರಡು ದಾಟಿದ್ರ ನಾನು ಹಿಂದ ಮುಂದ ನೋಡ್ತೀನಿ, ಮೂರು ದಾಟಿದ್ರ ಬ್ಯಾಡ ಅಂತೀನಿ.

ಕಾಕಾನ ಮಗ, ನನ್ನ ತಮ್ಮ, ಅವನ ಗಾಡಿ ಟಾಪ್ ಮಾಡೆಲ್, 185/65 R15. ಟೈರ್ ಸವೆದಿದ್ವು, ಅಂಗಡಿಗೆ ಇಬ್ರೂ ಹೋದ್ವಿ. ಅಲ್ಲಿ ಒಬ್ಬರ ಇನ್ನೋವಾದಿಂದ ಬಿಚ್ಚಿದ ಹೊಸಾ ಹಂಗ ಇರೋ ಟೈರ್ ನಾಲ್ಕು ಗ್ವಾಡಿಗೆ ಆನಿಸಿ ಇಟ್ಟಿದ್ರು, 205/65 R15. ತಮ್ಮನ ಕಣ್ಣು ಅವುಗಳ ಮ್ಯಾಲೇ. "ಅಣ್ಣಾ, 15ಕ್ಕ 15 ಅದ, ಶೇಕಡಾನೂ 65ಕ್ಕ 65 ಅದ, ಅಗಲ ಅಷ್ಟೇ ಸ್ವಲ್ಪ ಜಾಸ್ತಿ, ಕೂಡ್ತದಲ್ಲ?" ಅಂದ. ಪಂಕ್ಚರ್ ತಗ್ಯೋ ಚಾಚಾ ಜಾಕ್ ಏರಿಸ್ತಿದ್ರು, ವಯಸ್ಸಾದೋರು, ಅವರು ಅಲ್ಲಿಂದಾನೇ ಅಂದ್ರು, "ಡಿಸ್ಕಿಗೆ ಕೂಡ್ತದ ಸಾಹೇಬ್ರ. ಒಳಗ ತಿರಗಂಗಿಲ್ಲ." ಆಮೇಲೆ ಕೈ ಒರಸ್ಕೊಂಡು ಬಂದು ಸ್ಟೇರಿಂಗ್ ಪೂರಾ ಒಂದ್ ಕಡೆ ತಿರುಗಿಸಿ ತಮ್ಮನ ಕೈ ಹಿಡದು ಮುಂದಿನ ಗಾಲಿ ಹಿಂದಿನ ಸಂದಿಯೊಳಗ ತೂರಿಸಿದ್ರು. ಶಾಕಪ್ಸರ್ ಸ್ಪ್ರಿಂಗ್ ಕೂತಿರ್ತದಲ್ಲ, ಆ ತಟ್ಟಿಗೂ ಟೈರಿಗೂ ನಡುವೆ ಅವನ ಬೆರಳು ಬಿಗಿಯಾಗಿ ಹೋತು, ಎರಡನೇ ಬೆರಳು ಹೋಗಲಿಲ್ಲ. ಚಾಚಾ ಸುಣ್ಣದ ಕಡ್ಡಿ ತಗೊಂಡು ಸಿಮೆಂಟ್ ನೆಲದ ಮ್ಯಾಲ ಎರಡು ಲೆಕ್ಕ ಬರೆದ್ರು: ನಿಂದು 621, ಇದು 647. ಎತ್ತರ 26 ಮಿಲಿಮೀಟರ್ ಜಾಸ್ತಿ, ಅಂದ್ರ ನಟ್ಟನಡುವಿಂದ ಮ್ಯಾಲಕ್ಕ 13. ಅಗಲ 20 ಜಾಸ್ತಿ, ಅಂದ್ರ ಒಳಗಿನ ಕಡೆಗೆ 10. ಆ ಬೆರಳು ಹೋದ ಜಾಗಾದಾಗ ಇದೆಲ್ಲಾ ಹಿಡೀಬೇಕು, ಅದೂ ಖಾಲಿ ಗಾಡಿ ಜಾಕಿನ ಮ್ಯಾಲ ನಿಂತಾಗ ಅಲ್ಲ, ಐದು ಮಂದಿ ಕೂತು, ಡಿಕ್ಕಿ ತುಂಬಿ, ತೆಗ್ಗಿನ್ಯಾಗ ಬಿದ್ದು ಸ್ಪ್ರಿಂಗ್ ಪೂರಾ ಕೂತಾಗ. ತಮ್ಮ ಮತ್ತ ಏನೂ ಮಾತಾಡಲಿಲ್ಲ, ಅದೇ 185/65 R15 ಹಾಕ್ಸ್ಕೊಂಡ.

ನಮ್ಮ ನೆಲದ್ದು ಇನ್ನೊಂದು ಗುಣ ಅದ, ಅದನ್ನ ಬ್ಯಾರೆ ಊರವ್ರು ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ: ಎರಿ ಮಣ್ಣು. ಮಳಿ ಬಿದ್ದ ಮರುದಿನ ಹೊಲದ ದಾರಿಗೆ ಕಾರ್ ಇಳಿಸಿದೋರಿಗೆ ಗೊತ್ತದ, ಆ ಮಣ್ಣು ಟೈರಿಗೆ ಮೆತ್ತಿ ಮೆತ್ತಿ ಮಡ್‌ಗಾರ್ಡ್ ಒಳಗೆಲ್ಲಾ ತುಂಬ್ಕೋತದ, ಕಡೀಕ ಗಾಲಿ ತಿರುಗದ ನಿಂತುಬಿಡ್ತದ. ಟೈರಿಗೂ ಒಳಗಿನ ಪ್ಲಾಸ್ಟಿಕ್ಕಿಗೂ ನಡುವೆ ಇರೋ ಖಾಲಿ ಜಾಗಾ ಎಷ್ಟು ಜಾಸ್ತಿನೋ ಅಷ್ಟು ದೂರ ಗಾಡಿ ಬರ್ತದ. ಅಗಲ ಟೈರ್ ಹಾಕಿ ಆ ಜಾಗಾನೇ ತಿಂದುಬಿಟ್ರ ಗ್ರಿಪ್ಪಿನ ಮಾತು ಎಲ್ಲಿ ಬಂತು? ಅದಲ್ಲದ ಅಗಲ ಟೈರು ನಿಂತ ನೀರಿನ ಮ್ಯಾಲ ಬೇಗ ತೇಲ್ತದ, ಸಣ್ಣ ಟೈರು ನೀರು ಸೀಳ್ಕೊಂಡು ಹೋಗ್ತದ. ಒಣ ಡಾಂಬರಿನ ಮ್ಯಾಲ ಅಗಲದ್ದು ಲಾಭ ಅದ, ಅದನ್ನ ನಾನು ಇಲ್ಲ ಅನ್ನಂಗಿಲ್ಲ, ಆದ್ರ ನಾವು ಓಡಿಸೋದು ಬರೇ ಒಣ ಡಾಂಬರಿನ ಮ್ಯಾಲ ಅಲ್ಲ.

ಎತ್ತರ ಆಗ್ತದ ಅನ್ನೋ ಆಸೆದ್ದೂ ಲೆಕ್ಕ ನೋಡ್ರಿ. ಟೈರಿನ ಅಡ್ಡಳತಿ ಎಷ್ಟು ಹೆಚ್ಚಾಗ್ತದೋ ಗಾಡಿ ಎತ್ತರ ಅದರ ಅರ್ಧ ಅಷ್ಟೇ ಹೆಚ್ಚಾಗೋದು. 185/65 R15 ಬಿಟ್ಟು 195/65 R15 ಹಾಕಿದ್ರ ಅಡ್ಡಳತಿ 13 ಮಿಲಿಮೀಟರ್ ಜಾಸ್ತಿ, ಗಾಡಿ ನೆಲದಿಂದ ಏಳೋದು ಆರೂವರಿ ಮಿಲಿಮೀಟರ್. ಆ ಆರೂವರಿ ಮಿಲಿಮೀಟರ್ ಯಾವ ಹಂಪಿನ ಮ್ಯಾಲೂ ನಿಮ್ಮನ್ನ ಉಳಿಸಂಗಿಲ್ಲ, ನಾಲ್ಕು ಮಂದಿ ಹಿಂದ ಕೂತ್ರ ಅದಕ್ಕಿಂತ ಎಷ್ಟೋ ಪಟ್ಟು ಕೆಳಗ ಕೂಡ್ತದ ಗಾಡಿ. ಮ್ಯಾಲ ಎತ್ತರದ ಟೈರು ಗೇರನ್ನೂ ಭಾರ ಮಾಡ್ತದ. ನಾಲ್ಕು ಪರ್ಸೆಂಟ್ ಎತ್ತರ ಆದ್ರ ಪಿಕಪ್ ಅಷ್ಟು ಕಡಿಮಿ, ಸ್ಪೀಡೋಮೀಟರ್ 100 ತೋರಿಸ್ತಿರೋವಾಗ ಗಾಡಿ ಖರೇ ಅಂದ್ರ ಮೊದಲಿನ 100ಕ್ಕಿಂತ 4 ಜಾಸ್ತಿ ಓಡ್ತಿರ್ತದ. ಸ್ಪೀಡೋಮೀಟರ್ ಖರೇ ವೇಗಕ್ಕಿಂತ ಕಡಿಮಿ ತೋರಿಸಬಾರದು ಅಂತ ನಿಯಮಾನೇ ಅದ, ಅದಕ್ಕೇ ಕಂಪನಿಯವ್ರು ಸ್ವಲ್ಪ ಜಾಸ್ತಿ ತೋರಿಸೋ ಹಂಗ ಇಟ್ಟಿರ್ತಾರ, ದೊಡ್ಡ ಟೈರ್ ಆ ಅಂತರಾನೇ ನುಂಗಿಬಿಡ್ತದ. "ಟೈರ್ ಬದಲಿ ಮಾಡಿಸಿದ ಮ್ಯಾಲ ಮೈಲೇಜ್ ಬಿತ್ತು" ಅಂತ ಹೇಳೋರು ಇರ್ತಾರಲ್ಲ, ಅದ್ರಾಗ ಒಂದಿಷ್ಟು ಖರೇ ಬಿದ್ದಿರ್ತದ, ಒಂದಿಷ್ಟು ಬರೇ ಕಿಲೋಮೀಟರ್ ಎಣಿಕಿ ಕಡಿಮಿ ಆಗಿದ್ದು, ಯಾಕಂದ್ರ ಮೀಟರ್ ಗಾಲಿ ಸುತ್ತಿದ್ದನ್ನ ಎಣಿಸ್ತದ, ರೋಡನ್ನ ಅಳಿಯಂಗಿಲ್ಲ.

ಎರಡನೇ ಲೆಕ್ಕ ಡಿಸ್ಕಿನ ಅಗಲದ್ದು. ಇದನ್ನಂತೂ ನೂರಕ್ಕ ತೊಂಬತ್ತು ಮಂದಿ ನೋಡಂಗೇ ಇಲ್ಲ. ಡಿಸ್ಕಿನ ಮ್ಯಾಲ 14×5J ಅಂತನೋ 15×5.5J ಅಂತನೋ ಒತ್ತಿರ್ತಾರ, ಕಬ್ಬಿಣದ್ದಾದ್ರ ಹೊರಗೇ ಕಾಣ್ತದ, ಅಲಾಯ್ ಆದ್ರ ಹೆಚ್ಚಾಗಿ ಹಿಂದಿನ ಮಗ್ಗಲಿಗೆ ಇರ್ತದ, ಗಾಲಿ ಬಿಚ್ಚಿದಾಗ ನೋಡ್ಬೇಕು. ಆ 5, 5.5 ಅನ್ನೋದು ಟೈರಿನ ಅಂಚು ಕೂಡೋ ಎರಡು ತುಟಿ ನಡುವಿನ ಅಗಲ, ಇಂಚಿನೊಳಗ. ಪ್ರತಿ ಟೈರ್ ಸೈಜಿಗೂ ಎಷ್ಟು ಇಂಚಿಂದ ಎಷ್ಟು ಇಂಚಿನ ಡಿಸ್ಕ್ ನಡೀತದ ಅಂತ ಟೈರ್ ಕಂಪನಿಯವ್ರ ಪುಸ್ತಕದಾಗ ಕೊಟ್ಟಿರ್ತಾರ: 185/65 R15 ಆದ್ರ 5ರಿಂದ 6.5, 195/65 R15 ಆದ್ರ 5.5ರಿಂದ 7, 185/70 R14 ಆದ್ರ 4.5ರಿಂದ 6. ಅಂದ್ರ 5J ಡಿಸ್ಕಿಗೆ 195/65 ಹಾಕಿದ್ರ ಗಾಳಿ ತುಂಬ್ತದ, ಗಾಡಿನೂ ಓಡ್ತದ, ಆದ್ರ ಅದು ಅದರ ಜಾಗಾ ಅಲ್ಲ. ಅಗಲ ಟೈರನ್ನ ಸಣ್ಣ ಡಿಸ್ಕಿನ್ಯಾಗ ಒತ್ತಿ ಕೂಡಿಸಿದ್ರ ಮಗ್ಗಲು ಉಬ್ಬತಾವ, ನಡುವಿನ ರಬ್ಬರ್ ಎದ್ದು ನಿಲ್ತದ, ನಡುವೇ ಬೇಗ ಸವೀತದ, ತಿರುವಿನ್ಯಾಗ ಗಾಡಿ ಒಂದ್ ಕ್ಷಣ ತಡಾ ಮಾಡಿ ತಿರುಗಿದಂಗ ಅನ್ನಿಸ್ತದ. ಅಂದ್ರ ಯಾವ ಗ್ರಿಪ್ಪಿನ ಸಲುವಾಗಿ ಅಗಲ ಹಾಕ್ಸಿದ್ರೋ ಆ ಗ್ರಿಪ್ಪೇ ಪೂರಾ ಸಿಗಂಗಿಲ್ಲ. ಉಲ್ಟಾ, ಅಗಲ ಡಿಸ್ಕಿಗೆ ಸಣ್ಣ ಟೈರ್ ಎಳದು ಕೂಡಿಸಿದ್ರ ಡಿಸ್ಕಿನ ತುಟಿ ಹೊರಗ ಬರ್ತದ, ಕಲ್ಲಿಗೆ ಮೊದಲು ಬಡಿಯೋದು ಅದೇ.

165/80 R14 ಇದ್ದೋರು 185/70 R14 ಹಾಕ್ಸಬಹುದೇನು ಅಂತ ಭಾಳ ಕೇಳ್ತಾರ. ಲೆಕ್ಕ ಹಾಕ್ರಿ: 355.6ಕ್ಕ 259 ಕೂಡಿಸಿದ್ರ 614.6, ಮೂಲದ್ದಕ್ಕಿಂತ ಒಂದು ಪರ್ಸೆಂಟಿನೊಳಗೇ ಕಡಿಮಿ. 5J ಡಿಸ್ಕಿಗೆ ನಡೀತದ. ಭಾರದ ನಂಬರ್ 88, ಮೂಲದ್ದಕ್ಕಿಂತ ಜಾಸ್ತಿನೇ. ಕಾಗದದ ಮ್ಯಾಲ ಇದು ಪಾಸು, ಹಾಕ್ಸ್ಕೊಂಡೋರು ಆರಾಮ ಓಡಿಸ್ತಾರ. ನನ್ನ ಕೇಳಿದ್ರ ಕಾಕಾನಂಗ ಊರು, ಹೊಲ, ಮದುವಿ ಅಂತ ನಿಧಾನ ಓಡಿಸೋರಿಗೆ 165/80 ಸಾಕು, ಮಗ್ಗಲು 132 ಮಿಲಿಮೀಟರ್ ಎತ್ತರ ಇರ್ತದ, ಟೈರ್ ಹಗುರ, ರೇಟೂ ಕಡಿಮಿ, ಎಣ್ಣಿನೂ ಉಳೀತದ. ದಿನಾ ಹೈವೇ ಮ್ಯಾಲ ಇರೋರು 185/70 ಯೋಚನಿ ಮಾಡ್ಬಹುದು, ಆದ್ರೂ ಡಿಸ್ಕಿನ ಮ್ಯಾಲಿನ ಒತ್ತು ನೋಡಿ, ಸ್ಟೇರಿಂಗ್ ಎರಡೂ ಕಡೆ ಪೂರಾ ತಿರುಗಿಸಿ ನೋಡಿ, ಆಮೇಲೆ.

ಮೂರನೇದು ಭಾರ. ಇದು ನನಗ ಎಲ್ಲಾದಕ್ಕಿಂತ ದೊಡ್ಡ ಮಾತು ಅನ್ನಿಸ್ತದ, ಯಾಕಂದ್ರ ಇದು ತಪ್ಪಿದ್ರ ಸದ್ದು ಬರಂಗಿಲ್ಲ, ತಾಗಂಗಿಲ್ಲ, ಒಂದಿನ ಏಪ್ರಿಲ್ ಬಿಸಿಲಿನ್ಯಾಗ ಸೀದಾ ಟೈರೇ ಒಡೀತದ. 85 ಅಂದ್ರ ಒಂದು ಟೈರು 515 ಕೆಜಿ ಹೊರ್ತದ, 88 ಅಂದ್ರ 560, 84 ಅಂದ್ರ 500. ಈಗ ಒಂದು ಮೋಸದ ಜೋಡಿ ನೋಡ್ರಿ: 165/80 R14 ಬಿಟ್ಟು 175/70 R14 ಹಾಕ್ತೀನಿ ಅಂದ್ರ ಎಲ್ಲಾರೂ ಒಂದ್ ಸೈಜ್ ದೊಡ್ದು ಅಂತಾರ. ಎಣಿಸಿ ನೋಡಿದ್ರ ಎತ್ತರ 600.6, ಮೂರು ಪರ್ಸೆಂಟ್ ಕಡಿಮಿ, ಗಾಡಿ ಒಂಬತ್ತೂವರಿ ಮಿಲಿಮೀಟರ್ ಕೆಳಗ, ಭಾರದ ನಂಬರ್ 84, ಅಂದ್ರ ಮೂಲದ್ದಕ್ಕಿಂತ ಕಡಿಮಿ. ಹೆಸರಿಗೆ ದೊಡ್ದು, ಎಲ್ಲಾ ಕೆಲಸದಾಗ ಸಣ್ದು. ಹಂಗೇ 185/65 R15 ಸ್ಟಾಕ್ ಇಲ್ಲ ಅಂತ 185/60 R15 ಕೊಡೋರು ಇರ್ತಾರ, ಅದೂ ಮೂರು ಪರ್ಸೆಂಟ್ ಕುಳ್ಳ, ನಂಬರ್ 88ರಿಂದ 84ಕ್ಕ ಇಳೀತದ. ಅಗಲ ನೋಡಿ ಭಾರ ಅಂದಾಜು ಮಾಡೋದು ತಪ್ಪು, ಭಾರ ಹೊರೋದು ಒಳಗಿನ ಗಾಳಿ, ಆ ಗಾಳಿಗೆ ಜಾಗಾ ಎಷ್ಟು ಅದ, ಒತ್ತಡ ಎಷ್ಟು ಅದ ಅನ್ನೋದರ ಮ್ಯಾಲ ಅದು ನಿಂತದ.

ಶಾಲಿ ಹುಡುಗರನ್ನ ಒಯ್ಯೋ ಓಮ್ನಿಗಳದ್ದು ಇದಕ್ಕಿಂತ ಗಂಭೀರ. ಓಮ್ನಿಗೆ ಕಂಪನಿ ಕೊಡ್ತಿದ್ದದ್ದು 145 R12 LT, ಆಲ್ಟೋ 800ಕ್ಕ 145/80 R12. ಅಗಲ ಅದೇ, ಡಿಸ್ಕ್ ಅದೇ 12, ನೋಡ್ಲಿಕ್ಕೂ ಅಣ್ಣ ತಮ್ಮ ಇದ್ದಂಗ. ಆದ್ರ ಆಲ್ಟೋ ಟೈರಿನ ನಂಬರ್ 74, ಒಂದಕ್ಕ 375 ಕೆಜಿ ಅಷ್ಟೇ. ಆ LT ಅನ್ನೋ ಎರಡು ಅಕ್ಷರ ಭಾರದ ಗಾಡಿ ಸಲುವಾಗಿ ಗಟ್ಟಿ ಮಾಡಿದ ಟೈರಿನ ಗುರುತು, ಅದರ ಗಾಳಿನೂ ಜಾಸ್ತಿ ಇರ್ತದ. ಅಗ್ಗ ಸಿಕ್ತು ಅಂತ ಆಲ್ಟೋ ಟೈರ್ ಹಾಕಿ ಅದರಾಗ ಹುಡುಗರನ್ನ ತುಂಬಿದ್ರ ಆ ಟೈರು ದಿನಾ ತನ್ನ ಶಕ್ತಿ ಮೀರಿ ದುಡೀತದ. ಓಮ್ನಿ ಇದ್ದೋರು ಇದೊಂದು ಮಾತು ಮಾತ್ರ ದಯಮಾಡಿ ಕೇಳ್ರಿ.

ವೇಗದ ಅಕ್ಷರದ ಬಗ್ಗೆ, S ಅಂದ್ರ 180 ಕಿಲೋಮೀಟರ್, T ಅಂದ್ರ 190, H ಅಂದ್ರ 210. "ನಮ್ಮಲ್ಲಿ ಯಾರು 190 ಓಡಿಸ್ತಾರ" ಅಂತ ಅಂಗಡಿಯವ್ರು ಅಂತಾರ, ಮಾತು ಖರೇ, ಆದ್ರ ಆ ಅಕ್ಷರ ಟೈರು ಎಷ್ಟು ಕಾವು ತಡೀತದ ಅನ್ನೋದನ್ನೂ ಹೇಳ್ತದ. ಮೇ ತಿಂಗಳ ಮಧ್ಯಾಹ್ನ ನಮ್ಮ ಊರಿನ ಬಿಸಿಲು 40 ದಾಟಿದಾಗ ಸೋಲಾಪುರದ ನಾಲ್ಕು ಲೇನಿನ ರೋಡಿನ ಮ್ಯಾಲ ಪೂರಾ ಲೋಡಿನ್ಯಾಗ ಒಂದೇ ಸಮ ಓಡಿಸಿದ್ರ ಟೈರಿನ ಒಳಗಿನ ಕಾವು ಎಷ್ಟಿರ್ತದ ಯೋಚನಿ ಮಾಡ್ರಿ. ಕಂಪನಿ ಕೊಟ್ಟ ಅಕ್ಷರಕ್ಕಿಂತ ಕೆಳಗ ಇಳಿಬಾರದು, ಮ್ಯಾಲಿಂದು ಸಿಕ್ರ ತಗೋರಿ. ಗಾಳಿನೂ ಮುಂಜಾನಿ ತಣ್ಣಗ ಇದ್ದಾಗ ನೋಡಿ ಹಾಕಿಸ್ರಿ, ಬಿಸಿ ಆದ ಮ್ಯಾಲ ಒತ್ತಡ ತಾನೇ ಏರ್ತದ, ಅದನ್ನ ನೋಡಿ ಹೆದರಿ ಗಾಳಿ ಬಿಡೋದು ಬ್ಯಾಡ, ಗಾಳಿ ಕಡಿಮಿ ಇದ್ದ ಟೈರೇ ಮಗ್ಗಲು ಬಾಗಿ ಬಾಗಿ ಜಾಸ್ತಿ ಕಾಯ್ತದ.

ಇಷ್ಟೆಲ್ಲಾ ಲೆಕ್ಕ ಹಾಕೋಕ ಮನಸ್ಸಿಲ್ಲದೋರಿಗೆ ಒಂದು ಸರಳ ದಾರಿ ಅದ. ಡ್ರೈವರ್ ಬಾಗಿಲು ತಗದ್ರ ಕಂಬಕ್ಕ ಒಂದು ಸ್ಟಿಕ್ಕರ್ ಹಚ್ಚಿರ್ತಾರ, ಅದ್ರಾಗ ಸೈಜು, ಗಾಳಿ ಎರಡೂ ಇರ್ತಾವ. ಹಳೇ ಗಾಡಿ ತಗೊಂಡೋರು ಟೈರಿನ ಮ್ಯಾಲಿಂದು ನೋಡಿ ಅದೇ ಕಂಪನಿ ಸೈಜ್ ಅಂದ್ಕೋಬ್ಯಾಡ್ರಿ, ಹಿಂದಿನ ಮಾಲಕ ಏನು ಹಾಕ್ಸಿದ್ನೋ ಯಾರಿಗೆ ಗೊತ್ತು, ಸ್ಟಿಕ್ಕರ್ ನೋಡ್ರಿ, ಡಿಸ್ಕಿನ ಮ್ಯಾಲಿನ ಒತ್ತು ನೋಡ್ರಿ. ಮಾಡೆಲ್ ಪ್ರಕಾರ ಎರಡು ಸೈಜ್ ಇದ್ರ ನಿಮ್ಮ ಡಿಸ್ಕಿಂದು ಯಾವುದೋ ಅದು. ಅದರ ಫೋಟೋ ಮೊಬೈಲಿನ್ಯಾಗ ಇಟ್ಕೊಂಡು ಅಂಗಡಿಗೆ ಹೋಗ್ರಿ. ಆ ಸೈಜ್ ಸ್ಟಾಕ್ ಇಲ್ಲ ಅಂದ್ರ ಎರಡು ದಿನ ಕಾಯ್ರಿ, ಬೆಳಗಾವಿಯಿಂದಲೋ ಸೋಲಾಪುರದಿಂದಲೋ ತರಿಸಿ ಕೊಡ್ತಾರ.

ಕೈಗೆ ಟೈರ್ ಬಂದ ಮ್ಯಾಲ ಮಗ್ಗಲಿಗೆ ಐಎಸ್‌ಐ ಗುರುತು ಮತ್ತ ಕಾರಿನ ಟೈರಿಗಿರೋ ಐಎಸ್ 15633 ಅನ್ನೋ ನಂಬರ್ ಹುಡುಕ್ರಿ. ಸಣ್ಣ ಚೌಕಟ್ಟಿನ್ಯಾಗ ನಾಲ್ಕು ಅಂಕಿ ಇರ್ತಾವ, 2324 ಅಂತ ಇದ್ರ 2024ರ 23ನೇ ವಾರದಾಗ ತಯಾರಾಗಿದ್ದು, ವರ್ಷಗಟ್ಟಲೆ ಗೋಡೌನಿನ್ಯಾಗ ಬಿದ್ದಿದ್ದು ಆದ್ರ ಬ್ಯಾರೆ ಕೊಡ್ರಿ ಅನ್ರಿ. ಹಳೇದನ್ನ ಯಾವಾಗ ಬಿಚ್ಚಬೇಕು ಅನ್ನೋದಕ್ಕ ಕಾನೂನಿನ ಗೆರಿ 1.6 ಮಿಲಿಮೀಟರ್, ಹಳ್ಳದೊಳಗ ಸಣ್ಣ ಗಡ್ಡಿ ಇರ್ತಾವ, ಮ್ಯಾಲಿನ ರಬ್ಬರು ಸವೆದು ಅದರ ಮಟ್ಟಕ್ಕ ಬಂತಂದ್ರ ಮುಗೀತು. ಮಳಿಗಾಲಕ್ಕ ನಾನು ಅಲ್ಲಿ ತನಕ ಕಾಯಂಗಿಲ್ಲ.

ನಾಲ್ಕೂ ಒಮ್ಮೆಗೇ ಹಾಕ್ಸೋದು ಎಲ್ಲಾರಿಗೂ ಆಗಂಗಿಲ್ಲ, ದುಡ್ಡಿನ ಮಾತು. ಎರಡೇ ಹಾಕ್ಸೋದಾದ್ರ ಒಂದೇ ಕಂಪನಿ, ಒಂದೇ ಸೈಜು, ಒಂದೇ ನಮೂನಿ ಜೋಡಿ ಇರ್ಲಿ, ಎಡಕ್ಕೊಂದು ಬಲಕ್ಕೊಂದು ಬ್ಯಾರೆ ಎತ್ತರ ಇದ್ರ ಗಾಡಿ ಒಂದ್ ಕಡೆ ಎಳೀತದ, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂಗ ನೋಡ್ಕೊಳ್ಳೋ ವ್ಯವಸ್ಥಾ) ಇದ್ದ ಗಾಡಿಯೊಳಗ ನಾಲ್ಕು ಗಾಲಿ ವೇಗ ಹೋಲಿಸಿ ನೋಡೋದೇ ಅದರ ಕೆಲಸ, ಅದಕ್ಕೂ ಗೊಂದಲ. ಮತ್ತ ಆ ಹೊಸ ಜೋಡಿ ಹಿಂದ ಹಾಕಿಸ್ರಿ. ಎಂಜಿನ್ ಮುಂದ ಅದ, ಎಳಿಯೋದು ಮುಂದಿನ ಗಾಲಿ, ಹೊಸಾವು ಮುಂದೇ ಇರ್ಲಿ ಅಂತ ಎಲ್ಲಾರೂ ಅಂತಾರ, ಆದ್ರ ಮಳಿಯೊಳಗ ಮುಂದಿನ ಗಾಲಿ ಜಾರಿದ್ರ ಕಾಲು ಎತ್ತಿದ ಕೂಡ್ಲೇ ಗಾಡಿ ಕೈಗೆ ಬರೋ ಸಾಧ್ಯತಾ ಇರ್ತದ, ಹಿಂದಿಂದು ಜಾರಿದ್ರ ಗಾಡಿ ಗಿರ್ ಅಂತ ತಿರುಗಿಬಿಡ್ತದ, ಅದನ್ನ ಸಂಭಾಳಿಸೋದು ನಮ್ಮಂಥವ್ರಿಗೆ ಆಗೋ ಮಾತಲ್ಲ. ಕಾಕಾ ಇದೊಂದಕ್ಕ ಒಪ್ಪಲಿಲ್ಲ ಮೊದಲು, ಚಾಚಾ ಹೇಳಿದ ಮ್ಯಾಲ ಒಪ್ಪಿದ್ರು, ಈಗ ಅವರ ಗಾಡಿಯೊಳಗ ಹೊಸ 165/80 R14 ಎರಡು ಹಿಂದ ಅವ, ಅಲೈನ್‌ಮೆಂಟೂ ಮಾಡಿಸ್ಯಾರ. ಸ್ಟೆಪ್ನಿಗೆ ಮಾತ್ರ ಇನ್ನೂ ಗಾಳಿ ನೋಡಿಸಿಲ್ಲ, ಈ ಐತವಾರ ಹೋದಾಗ ನಾನೇ ತಗದು ನೋಡ್ತೀನಿ.